ಅಜ್ಜನ ಗದ್ದಿಗೆಯ ಕೆಳಗಿನ ಕೊಂಡಿ

ಮೋಟಾರು ಹತ್ತುವುದೆಂದರೆ ನನಗೆ ಇವತ್ತಿಗೂ ಆಗಿಬರುವುದಿಲ್ಲ. ಮೊಮ್ಮಕ್ಕಳು ನಗುತ್ತಾರೆ, ನಗಲಿ. ಮೆಕ್ಯಾನಿಕ್ಕಿನ ಹೆಂಡತಿಯಾಗಿ ಬಾಳಿದವಳು ನಾನು, ಎಂಜಿನ್ನಿಗೆ ಹೆದರಿದವಳಲ್ಲ. ನಾನು ಹೆದರಿದ್ದು ಸೀಟಿಗೆ.

ಆಗ ನಾವು ಶಿಗ್ಗಾಂವಿಯಲ್ಲಿದ್ದೆವು. ನಮ್ಮ ಸೀಮೆ ಮುಂಬೈ ಬಿಟ್ಟು ಮೈಸೂರಿಗೆ ಸೇರಿದ ಹೊಸತು. ದೊಡ್ಡ ರಸ್ತೆಯ ಮಗ್ಗುಲಲ್ಲಿ ತಗಡಿನ ಶೆಡ್ಡು, ಅದರ ಹಿಂದೆಯೇ ಮನೆ. ನಮ್ಮ ಯಜಮಾನರು ಲಾರಿ, ಬಸ್ಸು, ಪಂಪು, ಕೈಗೆ ಬಂದದ್ದನ್ನೆಲ್ಲ ರಿಪೇರಿ ಮಾಡುತ್ತಿದ್ದರು. ಆಳು ಗಿಡ್ಡ. ಲಾರಿ ಓಡಿಸಬೇಕಾದರೆ ಬೆನ್ನಿಗೆ ದಿಂಬು ಇಟ್ಟುಕೊಳ್ಳುತ್ತಿದ್ದರು, ಅದಕ್ಕೆ ನಾನು ನಗುತ್ತಿದ್ದೆ. ಆಮೇಲೆ ನಗು ನಿಂತುಹೋಯಿತು.

ಮಾಸೂರಿನ ಆಚೆಯ ಸಾವುಕಾರರೊಬ್ಬರು ಸವಣೂರಿನ ಒಂದು ದೊಡ್ಡ ಮನೆತನದ ವಾಡೆಯ ಹಿಂದೆ ಬಿದ್ದಿದ್ದ ಹಳೆಯ ಕಾರನ್ನು ಕೊಂಡು, ಎತ್ತು ಕಟ್ಟಿ ಎಳೆಸಿಕೊಂಡು ನಮ್ಮ ಶೆಡ್ಡಿಗೆ ತಂದರು. ಒಳಗೆ ಕೋಳಿ ಮೊಟ್ಟೆ ಇಟ್ಟಿತ್ತು. ನಮ್ಮವರೋ, ಹೆಣ್ಣು ನೋಡಲು ಬಂದವರ ಹಾಗೆ ಅದರ ಸುತ್ತ ತಿರುಗಿದ್ದೇ ತಿರುಗಿದ್ದು. ಅವತ್ತು ಊಟಕ್ಕೆ ಕರೆದು ಕರೆದು ನನಗೆ ಸಾಕಾಯಿತು.

ಎಂಜಿನ್ನು ಬೇಗನೆ ದಾರಿಗೆ ಬಂತು. ಬಾರದ್ದು ಸೀಟು. ಡ್ರೈವರನ ಸೀಟು ಇದ್ದ ಜಾಗದಲ್ಲಿ ಎರಡು ಕಬ್ಬಿಣದ ಪಟ್ಟಿಗಳು ಮಾತ್ರ ಉಳಿದಿದ್ದವು, ಸೀಟನ್ನು ಎಂದೋ ಯಾರೋ ಬಿಚ್ಚಿಕೊಂಡು ಹೋಗಿದ್ದರು. ಇವರು ಸಾಗವಾನಿ ಕಟ್ಟಿಗೆಯ ಚೌಕಟ್ಟು ಮಾಡಿದರು. ನಾನು ತೆಂಗಿನ ನಾರು ತುಂಬಿ, ಕೌದಿ ಹೊಲಿಯುವ ದಬ್ಬಣದಲ್ಲಿ ದಪ್ಪ ಬಟ್ಟೆಯ ಹೊದಿಕೆ ಹೊಲಿದೆ. ಸೀಟು ಪಟ್ಟಿಯ ಮೇಲೆ ಕೂತಿತು. ಆದರೆ ನಿಲ್ಲಲಿಲ್ಲ, ಹಿಂದಕ್ಕೂ ಮುಂದಕ್ಕೂ ಜಾರುತ್ತಿತ್ತು. ಅದನ್ನು ಹಿಡಿದು ನಿಲ್ಲಿಸಲು ಕೆಳಗೊಂದು ಕೊಂಡಿ ಇರಬೇಕಿತ್ತು. ಕೈಯಿಂದ ಎತ್ತಿದರೆ ಸೀಟು ಸರಿಯುತ್ತದೆ, ಬಿಟ್ಟರೆ ಸ್ಪ್ರಿಂಗಿನ ಬಲದಿಂದ ಪಟ್ಟಿಯ ತೂತಿಗೆ ಬಿದ್ದು ಬಿಗಿಯಾಗುತ್ತದೆ. ಅಂಥ ಕೊಂಡಿಗಾಗಿ ಇವರು ಹುಬ್ಬಳ್ಳಿಯ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದರು. ಸವಣೂರಿನ ವಾಡೆಯ ಕಸದ ಗುಂಡಿ ಕೆದರಿದರು. ಎಲ್ಲೂ ಸಿಗಲಿಲ್ಲ.

"ಬೋಲ್ಟ್ ಹಾಕಿ ಬಿಗದಬಿಡ್ರಿ, ಹೋಗ್ಲಿ" ಅಂದೆ ನಾನು.

"ಸಾವ್ಕಾರ್ರು ಒಪ್ಪೂದಿಲ್ಲ. ಅವರು ಎತ್ತರದ ಆಳು, ಹೊಟ್ಟಿ ಬ್ಯಾರೆ. ಊರಬಾಗಲದಿಂದ ಮನಿತನಕಾ ತಾವ ಗಾಡಿ ಹೊಡಿಬೇಕಂತಾರ. ಅವರಿಗೆ ಸೀಟು ಹಿಂದ ಸರೀಬೇಕು, ನನಗ ಮುಂದ ಇರಬೇಕು."

ಒಂದು ದಿನ ಕಟ್ಟಿಗೆಯ ಬೆಣೆ ಬಡಿದು ಗಾಡಿಯನ್ನು ಶೆಡ್ಡಿನ ಪಕ್ಕದ ಏರಿನಲ್ಲಿ ಹತ್ತಿಸಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಅರ್ಧ ಹತ್ತಿತ್ತೋ ಇಲ್ಲವೋ, ಬೆಣೆ ಕಿತ್ತು ಸೀಟು ಹಿಂದಕ್ಕೆ ಹಾರಿತು. ಇವರ ಕಾಲು ಬ್ರೇಕಿನಿಂದ ತಪ್ಪಿತು. ಗಾಡಿ ಹಿಮ್ಮುಖವಾಗಿ ಉರುಳಿ ಬಂದು ನಮ್ಮ ಹುಲ್ಲಿನ ಬಣವೆಗೆ ನುಗ್ಗಿ ನಿಂತಿತು. ಬಣವೆ ಇರದಿದ್ದರೆ ಅದರ ಹಿಂದೆ ಬಾವಿ. ಇವರು ಮೈಮೇಲಿನ ಹುಲ್ಲು ಕೊಡವಿಕೊಂಡು ಇಳಿದು, "ಎಂಜಿನ್ ಛಲೋ ಎಳೀತೈತಿ ನೋಡು" ಅಂದರು. ಕೈಯಲ್ಲಿದ್ದ ಕಸಬರಿಗೆಯಿಂದ ಬಡಿಯಬೇಕು ಅನಿಸಿತ್ತು.

ಅವತ್ತೇ ಇವರು ಅಡುಗೆಮನೆಯ ನೆಲದ ಮೇಲೆ ಇದ್ದಲಿಯಿಂದ ಆ ಕೊಂಡಿಯ ಚಿತ್ರ ಬರೆದು ತೋರಿಸಿದರು. "ಇಷ್ಟ ಉದ್ದದ ಸಳಿ, ಕೊನಿಗೆ ಲಿಂಬಿಹಣ್ಣಿನಂಥ ಗುಂಡು, ಗುಂಡಿನ ಸುತ್ತ ಗೆರಿ. ಗುಂಡು ಮಾತ್ರ ಸೀಟಿನ ಮುಂದ ಹೊರಗ ಕಾಣತೈತಿ."

ಆ ಗೆರೆ ಗೆರೆಯ ಗುಂಡು ಎಲ್ಲಿದೆ ಎಂದು ನನಗೆ ಗೊತ್ತಿತ್ತು.

ಆಗ ನಾನು ಬಸುರಿ. ಅದಕ್ಕೂ ಮೊದಲು ಎರಡು ಬಸಿರು ನಿಲ್ಲದೆ ಹೋಗಿದ್ದವು. ಹಾನಗಲ್ ಕಡೆ ಆಡೂರಿನಾಚೆಯ ಹೊಲಗಳ ನಡುವೆ ಒಂದು ಸಣ್ಣ ಗುಡಿಯಿತ್ತು. ಬಹಳ ಹಿಂದೆ ಅಲ್ಲಿದ್ದ ಸಾಧು ಅಜ್ಜನೊಬ್ಬ ಕೂತಲ್ಲೇ ಜೀವ ಬಿಟ್ಟಿದ್ದನಂತೆ. ಅವನು ಕೂತ ಆಸನಕ್ಕೆ ಕಾವಿ ಹೊದಿಸಿ, ವಿಭೂತಿ ಬಳಿದು, ಗದ್ದಿಗೆ ಅಂತ ಪೂಜೆ ಮಾಡುತ್ತಿದ್ದರು. ಆಸನದ ಕೆಳಗಿನಿಂದ ಒಂದು ಕಬ್ಬಿಣದ ಗುಂಡು ಹೊರಗೆ ಚಾಚಿತ್ತು. ಬಸಿರು ನಿಲ್ಲದವರು ಅದಕ್ಕೆ ಹಸಿರು ದಾರ ಕಟ್ಟಬೇಕು, ಹೆತ್ತ ಮೇಲೆ ಕಟ್ಟಿದವಳೇ ಬಂದು ಬಿಚ್ಚಬೇಕು. ನಡುವೆ ಬೇರೆ ಕೈ ತಾಗಿ ದಾರ ಕಡಿದರೆ ಬಸಿರೂ ಕಡಿಯುತ್ತದೆ ಎನ್ನುತ್ತಿದ್ದರು. ನಾನೂ ನನ್ನ ತವರಿನವರ ಜೊತೆ ಹೋಗಿ ಕಟ್ಟಿ ಬಂದಿದ್ದೆ. ಈ ಸಲ ಬಸಿರು ಏಳು ತಿಂಗಳಿನ ತನಕ ಬಂದಿತ್ತು.

ಕೆಲವು ದಿನ ನಾನು ಬಾಯಿ ಬಿಡಲಿಲ್ಲ. ಅದಕ್ಕೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ. ಗಂಡನ ಕೆಲಸಕ್ಕೊಂದು ಕಬ್ಬಿಣ ಬೇಕೆಂದು ಹೊಟ್ಟೆಯ ಕೂಸನ್ನು ಒತ್ತೆ ಇಡುವವಳು ನಾನಲ್ಲ. ಆದರೆ ಸಾವುಕಾರರು ಹೇಳಿ ಕಳಿಸಿದರು: ಬರುವ ಸೋಮವಾರ ಗಾಡಿ ತಲುಪಬೇಕು. ಇವರು ಸೆಣಬಿನ ಹಗ್ಗ ತಂದು ಸೀಟನ್ನು ಕಟ್ಟಲು ಕೂತರು. ಸಾವುಕಾರರ ಊರಿಗೆ ಹೋಗಬೇಕಾದರೆ ಮಾಸೂರಿನ ಕೆರೆಯ ಏರಿ ಹಿಡಿಯಬೇಕು. ಗಾಡಿ ಅಗಲದ ದಾರಿ, ಒಂದು ಕಡೆ ನೀರು, ಒಂದು ಕಡೆ ಇಳಿಜಾರು. ಅಲ್ಲಿ ಬಣವೆ ಇರುವುದಿಲ್ಲ. ಆ ಹಗ್ಗ ನೋಡಿದ ಕೂಡಲೇ ನನ್ನ ಬಾಯಿ ತಾನಾಗಿ ತೆರೆಯಿತು.

ಇವರು ಕೇಳಿ ಹಗ್ಗವನ್ನು ಕೆಳಗಿಟ್ಟರು. ಆಮೇಲೆ, "ನಡಿ, ಕೇಳಿಕೊಂಡು ಬರೂಣು. ಕೇಳದ ಮುಟ್ಟೂದಿಲ್ಲ" ಅಂದರು.

ಗುಡಿಯನ್ನು ನೋಡಿಕೊಳ್ಳುತ್ತಿದ್ದವಳು ಒಬ್ಬ ಮುದುಕಿ. ನಾವು ಬಂದ ಕಾರಣ ಕೇಳಿ ಅವಳು ಬೈಯಲಿಲ್ಲ.

"ಹೌದಪ್ಪ, ಸವಣೂರ ಕಡಿ ಮೋಟಾರಿಂದ ಇದು. ಅಜ್ಜಗ ನಡ ನೋಯ್ತದ ಅಂತ ವಾಡೆದ ಆಳ ತಂದು ಕೊಟ್ಟಿದ್ದ. ಆದ್ರ ಈಗ ಇದು ಮೋಟಾರಿಂದಲ್ಲ. ಹೂ ಕೇಳ್ರಿ. ಅಜ್ಜ ಕೊಡು ಅಂದ್ರ ಒಯ್ರಿ."

ನಮ್ಮ ಕಡೆ ಹೀಗೇ ಕೇಳುವುದು. ನೀರಿನಲ್ಲಿ ಅದ್ದಿದ ಹೂಗಳನ್ನು ಗದ್ದಿಗೆಯ ಎಡಕ್ಕೂ ಬಲಕ್ಕೂ ಅಂಟಿಸಿ ಬೇಡಿಕೊಳ್ಳುತ್ತೇವೆ. ಬಲಗಡೆಯದು ಮೊದಲು ಬಿದ್ದರೆ ಆಗಲಿ ಅಂತ, ಎಡಗಡೆಯದು ಬಿದ್ದರೆ ಬೇಡ ಅಂತ. ದಾರ ಕಟ್ಟಿದವಳು ನಾನಾದ್ದರಿಂದ ನಾನೇ ಕೇಳಬೇಕೆಂದಳು ಮುದುಕಿ. ಕೈ ಮುಗಿದು ಕೂತೆ. ಏನು ಬೇಡಿಕೊಳ್ಳಲಿ? ಬಲಕ್ಕೆ ಬಿದ್ದರೆ ಕೂಸು ಹೋದೀತು, ಎಡಕ್ಕೆ ಬಿದ್ದರೆ ಗಂಡ. ಗುಂಡಿನ ತುಂಬ ಯಾರು ಯಾರದೋ ಹಸಿರು ದಾರ, ಅದರಲ್ಲಿ ನನ್ನದು ಯಾವುದೆಂದು ಗುರುತು ಕೂಡ ಹತ್ತಲಿಲ್ಲ. ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ಅದರ ಪೆಟ್ಟಿಗೇ ಹೂ ಉದುರೀತು ಎಂದು ಉಸಿರು ಬಿಗಿಹಿಡಿದೆ. ಅಜ್ಜನ ಮೇಲೂ ಸಿಟ್ಟು ಬಂತು. ಒಂದೂ ಬೀಳಿಸಬೇಡ, ಸುಮ್ಮನಿರು ಮಾರಾಯ ಅಂದೆ ಮನಸ್ಸಿನಲ್ಲಿ.

ಎಡಗಡೆಯ ಹೂ ಬಿತ್ತು.

ಇವರು ನೆಲಕ್ಕೆ ಹಣೆ ಹಚ್ಚಿ ಎದ್ದರು. ಮುಖ ಸಣ್ಣದಾಗಿತ್ತು. ಮುದುಕಿಗೆ ಕನಿಕರ ಬಂತೋ ಏನೋ. "ತಗೀಬ್ಯಾಡ ಅಂದಾನ. ನೋಡಬ್ಯಾಡ ಅಂದಿಲ್ಲ" ಅಂದಳು.

ಇವರು ಅಂಗಾತ ಮಲಗಿ ತಲೆಯನ್ನು ಗದ್ದಿಗೆಯ ಕೆಳಗೆ ತೂರಿಸಿದರು. ನಾನು ದೀಪ ಹಿಡಿದೆ. ಮುಟ್ಟುವಂತಿಲ್ಲ, ಎಳೆದು ನೋಡುವಂತಿಲ್ಲ. ಒಂದು ಜೋಳದ ದಂಟನ್ನು ಹತ್ತಿರ ಹಿಡಿದು, ಕಣ್ಣಳತೆಯಲ್ಲೇ ಅದರ ಮೇಲೆ ಉಗುರಿನಿಂದ ಗುರುತು ಮಾಡಿಕೊಂಡರು. ಕೊಂಡಿಯ ಉದ್ದ ಸಿಕ್ಕಿತು, ಬಾಗು ಸಿಕ್ಕಿತು. ಸ್ಪ್ರಿಂಗು ಮಾತ್ರ ತಗಡಿನ ಒಳಗಿತ್ತು. ಎಷ್ಟು ಬಿರುಸಿನದು ಎಂದು ಕೊಂಡಿ ಎತ್ತಿ ನೋಡದೆ ಹೇಗೆ ತಿಳಿಯಬೇಕು?

ಹಾನಗಲ್ಲಿನ ಕಂಬಾರರೊಬ್ಬರು ಆ ದಂಟು ನೋಡಿಯೇ ಕೊಂಡಿ ಬಡಿದುಕೊಟ್ಟರು. ಸ್ಪ್ರಿಂಗನ್ನು ಇವರು ಸೈಕಲ್ಲಿನ ಕ್ಯಾರಿಯರಿನಿಂದ ಬಿಚ್ಚಿ ಹಾಕಿದರು. ಶೆಡ್ಡಿನ ಸುತ್ತ ಓಡಿಸಿದಾಗ ಸೀಟು ಅಲುಗಲಿಲ್ಲ. ಇವರು ಹಲ್ಲು ಕಿಸಿದರು. ನನಗೆ ನಂಬಿಕೆ ಬರಲಿಲ್ಲ.

"ನಾನೂ ಬರ್ತೇನಿ" ಅಂದೆ.

"ಹುಚ್ಚಿ ಏನ? ಈ ಹೊಟ್ಟಿ ಹೊತಗೊಂಡು?"

"ನೀವು ಹೋದ್ರ ನಾನೂ ಬರ್ತೇನಿ. ಇಲ್ಲಾಂದ್ರ ಗಾಡಿ ಮುಂದ ಅಡ್ಡ ಮಲಗ್ತೇನಿ ನೋಡ್ರಿ."

ಮಲಗುವವಳೇ ಎಂದು ಅವರಿಗೆ ಗೊತ್ತಿತ್ತು. ಸೋಮವಾರ ಬೆಳಿಗ್ಗೆ ಹೊರಟೆವು. ನಾನು ಅವರ ಬೆನ್ನ ಹಿಂದೆಯೇ ಕೂತು, ಎರಡೂ ಅಂಗಾಲುಗಳನ್ನು ಅವರ ಸೀಟಿನ ಬೆನ್ನಿಗೆ ಒತ್ತಿಕೊಂಡೆ. ಹಾನಗಲ್ ದಾಟಿತು, ಹಿರೇಕೆರೂರು ದಾಟಿತು. ಬೆಳೆ ನೋಡಲಿಲ್ಲ, ಊರು ನೋಡಲಿಲ್ಲ. ಇವರ ಕತ್ತಿನ ಹಿಂಭಾಗವನ್ನಷ್ಟೇ ನೋಡಿದೆ. ಕೂಸು ದಾರಿಯುದ್ದಕ್ಕೂ ಮಿಸುಕಾಡುತ್ತಿತ್ತು.

ಏರಿಯ ನಡುವಿಗೆ ಬಂದಿದ್ದೆವು. ಇಳಿಜಾರಿನ ಕಡೆಯಿಂದ ಎಮ್ಮೆಯ ಹಿಂಡು ಒಮ್ಮೆಲೆ ದಾರಿಗೆ ಹತ್ತಿತು. ಇವರು ಬ್ರೇಕು ತುಳಿದರು. ತುಳಿದ ಬಲಕ್ಕೇ ಸ್ಪ್ರಿಂಗು ಸೋತು, ಕೊಂಡಿ ಹಾರಿ, ಸೀಟು ಹಿಂದಕ್ಕೆ ಬಂತು. ನನ್ನ ಮಂಡಿ ಮಡಚಿ ಹೊಟ್ಟೆಗೆ ಒತ್ತಿತು. "ಯವ್ವಾ" ಎಂದು ಚೀರಿ, ಇದ್ದಬದ್ದ ಶಕ್ತಿಯನ್ನೆಲ್ಲ ಕಾಲಿಗೆ ಹಾಕಿ ಒದ್ದೆ. ಸೀಟು ಮುಂದಕ್ಕೆ ಹೋಯಿತು. ಇವರ ಕಾಲಿಗೆ ಬ್ರೇಕು ಮತ್ತೆ ಸಿಕ್ಕಿತು. ಗಾಡಿ ನೀರಿನ ಕಡೆಗೆ ವಾಲಿ, ಅಂಚಿನ ಕಲ್ಲಿಗೆ ಚಕ್ರ ಉಜ್ಜಿಕೊಂಡು ನಿಂತಿತು. ಕಿಟಕಿಯಿಂದ ನೋಡಿದರೆ ಕೆಳಗೆ ನೆಲವೇ ಇರಲಿಲ್ಲ, ಬರೀ ನೀರು.

ಇನ್ನೊಂದು ಬದಿಯಿಂದ ಇವರೇ ನನ್ನನ್ನು ಇಳಿಸಿದರು. ಏರಿಯ ಕಲ್ಲಿನ ಮೇಲೆ ಕೂತೆ. ಹೊಟ್ಟೆ ಕಲ್ಲಾಗಿತ್ತು. ಅಷ್ಟು ಹೊತ್ತು ಮಿಸುಕಾಡುತ್ತಿದ್ದ ಕೂಸು ಸುಮ್ಮನಾಗಿತ್ತು. ಹಿಂದಿನ ಸಲವೂ ಮೊದಲು ಹೀಗೇ ಸುಮ್ಮನಾಗಿತ್ತು.

"ನೀರು ತರ್ಲೇನು?" ಅಂದರು ಇವರು.

"ಮಾತಾಡಬ್ಯಾಡ್ರಿ" ಅಂದೆ. "ಹಾಳ ಬೀಳ್ಲಿ ನಿಮ್ಮ ಮೋಟಾರು. ಹಾಳ ಬೀಳ್ಲಿ ಆ ಸಾವ್ಕಾರನ ಹೊಟ್ಟಿ. ಹೂ ಬಿದ್ದ ದಿನಾನ ಬಿಟ್ಟ ಬಿಡಬೇಕಿತ್ತು." ಇನ್ನೂ ಏನೇನು ಬೈದೆನೋ. ಎಮ್ಮೆ ಕಾಯುವವನು ಕೋಲೂರಿ ನಿಂತು ಕೇಳುತ್ತಿದ್ದ. ಬೈಗುಳ ಮುಗಿದವು, ಕೂಸು ಅಲುಗಲಿಲ್ಲ. ನಾನು ಕಣ್ಣು ಮುಚ್ಚಿ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟು ಕೂತೆ. ಯಾವ ದೇವರ ಹೆಸರೂ ಬಾಯಿಗೆ ಬರಲಿಲ್ಲ. ಕೆರೆಯ ನೀರು ಕಲ್ಲಿಗೆ ಬಡಿಯುವ ಸದ್ದು ಕೇಳುತ್ತಿತ್ತು.

ಆಮೇಲೆ, ಪಕ್ಕೆಯ ಕೆಳಗೆ, ಒಂದು ಸಣ್ಣ ಒದೆ. ಸುಳ್ಳಿರಬೇಕು ಎಂದುಕೊಂಡೆ. ಮತ್ತೊಂದು ಬಿತ್ತು, ಜೋರಾಗಿ.

ಗಂಡನ ಹೆಸರು ಹೇಳಲೂ ನಾಚುವ ಕಾಲ ಅದು. ಎಮ್ಮೆ ಕಾಯುವವನ ಎದುರಿಗೇ ಇವರ ಗ್ರೀಸು ಮೆತ್ತಿದ ಕೈಯನ್ನು ಎಳೆದು ನನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡೆ. ಆ ಕೈ ಗಡಗಡ ನಡುಗುತ್ತಿತ್ತು. ಅಷ್ಟು ದಿನ ಹೆದರಿದವಳು ನಾನೊಬ್ಬಳೇ ಎಂದು ತಿಳಿದಿದ್ದೆ.

"ಒದೀತು" ಅಂದರು. ಕೈ ತೆಗೆಯಲಿಲ್ಲ. ತಲೆ ತಗ್ಗಿಸಿಕೊಂಡೇ, "ಮದಲ ಹೋದವು ಎರಡೂ ನನ್ನ ಮಕ್ಕಳೂ ಆಗಿದ್ವು" ಅಂದರು.

ಆ ಎರಡರ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು.