ಚಂದ್ರಾಮನ ಪೇಟ, ಅಮೆರಿಕದ ಗೇರ್‌ಬಾಕ್ಸು

ಮುಂಬೈಯ ಭಾಂಡುಪಿನ ಗ್ಯಾರೇಜಿನಲ್ಲಿ ಹಳೆಯ ಅಮೆರಿಕನ್ ಕಾರುಗಳನ್ನು ರಿಪೇರಿ ಮಾಡುವ ಚಂದ್ರಾಮನಿಗೆ ಅರವತ್ತು ದಾಟಿದೆ. ಆಳಂದದ ಕಡೆಯವನು. ಇಂಗ್ಲಿಷ್ ಓದಲು ಬಾರದು, ಗೇರ್‌ಬಾಕ್ಸ್ ಓದಲು ಬರುತ್ತದೆ.

ಕಳೆದ ವರ್ಷ ಚೆಂಬೂರಿನ ಶ್ರೀಮಂತ ಎಂಬ ಹೆಸರಿನ ಬಿಲ್ಡರ್, ಗುಜರಿಯಲ್ಲಿ ಸಿಕ್ಕ ಎಪ್ಪತ್ತು ವರ್ಷದ ಕಾರೊಂದನ್ನು ಎಳೆಸಿಕೊಂಡು ಬಂದ. ಬಣ್ಣ ಬಳಿಯುವ ಮೊದಲೇ ಅದಕ್ಕೊಂದು ಚರಿತ್ರೆ ತಯಾರಾಗಿತ್ತು.

"ನಮ್ಮಜ್ಜನ ಕಾರ್ ಐತಿ ಚಂದ್ರಾಮಣ್ಣ. ಹಳೀ ಕಾರಿನ ರ್‍ಯಾಲಿಗೆ ಒಯ್ಯೋದೈತಿ."

ಆ ಅಜ್ಜ ಸಯನ್‌ನಲ್ಲಿ ಚಂದ್ರಾಮನ ಅಪ್ಪನ ಜೊತೆ ಮರಳಿನ ಬುಟ್ಟಿ ಹೊತ್ತವನು. ಚಂದ್ರಾಮ ಬಾನೆಟ್ ಎತ್ತಿದ.

ಇಂಜಿನ್ ಭಾಷಣ ಮಾಡುವವರಂತೆ ಗರ್ಜಿಸುತ್ತಿತ್ತು. ಕಾರು ಮಾತ್ರ ಕದಲುತ್ತಿರಲಿಲ್ಲ. ಗೇರ್‌ಬಾಕ್ಸ್ ಬಿಚ್ಚಿದರೆ, ಒಳಗಿನ ಡ್ರಮ್ಮನ್ನು ಬಿಗಿಹಿಡಿಯಬೇಕಾದ ಪಟ್ಟಿಗಳು ಸವೆದು ನುಣ್ಣಗಾಗಿದ್ದವು. ಚಂದ್ರಾಮ ಹಳೆಯ ಚಾದರದ ಮೇಲೆ ಬಿಡಿಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿಟ್ಟ. ಲಾರಿಯ ಬ್ರೇಕ್ ಲೈನಿಂಗನ್ನು ತೆಳ್ಳಗೆ ಉಜ್ಜಿ ಪಟ್ಟಿಗೆ ಅಂಟಿಸಿದ. ಹನ್ನೊಂದು ಸಲ ಜೋಡಿಸಿದ, ಹತ್ತು ಸಲ ಬಿಚ್ಚಿದ. ನಾಲ್ಕು ತಿಂಗಳಾದ ಮೇಲೆ ಕಾರು ಹೊರಟಿತು.

ರ್‍ಯಾಲಿಯ ದಿನ ಶ್ರೀಮಂತ ಅವನಿಗೆ ಜರಿಯ ಪೇಟ, ಹಿತ್ತಾಳೆ ಗುಂಡಿಯ ಕೋಟು ತಂದುಕೊಟ್ಟ.

"ಕೇಳಿದ್ರ, ಮೂರು ತಲಿಮಾರಿನಿಂದ ನಮ್ಮ ಮನಿ ಡ್ರೈವರ್ ಅಂತ ಹೇಳು."

"ಮೆಕ್ಯಾನಿಕ್ ಅಂದ್ರ ಏನ್ ತಪ್ಪರಿ, ಸಾವ್ಕಾರ್ರ?"

"ಅದು ಫೋಟೋದಾಗ ಚಲೋ ಕಾಣಂಗಿಲ್ಲ."

ಚಂದ್ರಾಮನಿಗೆ ಕೆಟ್ಟದೆನಿಸಿತು. ಆದರೂ ಕೋಟು ತೊಟ್ಟ. ತನ್ನ ಗೇರ್‌ಬಾಕ್ಸನ್ನು ಬೇರೆಯವರ ಕೈಗೆ ಕೊಡಲು ಮನಸ್ಸಾಗಲಿಲ್ಲ.

ಮೈದಾನದಲ್ಲಿ ತೀರ್ಪುಗಾರ್ತಿ ಕಾರಿನ ಸುತ್ತ ಬಂದು, ಗೇರ್‌ಬಾಕ್ಸ್ ಕಾರಿನ ಮೂಲದ್ದೇನಾ ಎಂದು ಹಿಂದಿಯಲ್ಲಿ ಕೇಳಿದಳು. "ಹಂಡ್ರೆಡ್ ಪರ್ಸೆಂಟ್!" ಎಂದ ಶ್ರೀಮಂತ. ಆಕೆ ಪೇಟದವನತ್ತ ತಿರುಗಿ, ಈ ಮನೆಯಲ್ಲಿ ಎಷ್ಟು ವರ್ಷದಿಂದ ಇದ್ದೀರಿ ಎಂದಳು.

ಸುಳ್ಳು ನಾಲಿಗೆಯ ತನಕ ಬಂತು, ಆಚೆ ಬರಲಿಲ್ಲ. "ಚಾರ್ ಮಹೀನಾ, ಮೇಡಂ. ಗಾಡೀ ಭೀ ಚಾರ್ ಮಹೀನಾ. ಅಂದರ್ ಲಾರೀ ಕಾ ಲೈನಿಂಗ್ ಹೈ, ಮೈನೇ ಡಾಲಾ." ತಾನೂ ಕಾರೂ ನಾಲ್ಕೇ ತಿಂಗಳಿನವರು, ಒಳಗಿನ ಲಾರಿ ಲೈನಿಂಗ್ ಹಾಕಿದ್ದು ತಾನೇ ಎಂದು ಹೇಳಿಬಿಟ್ಟ.

ಆಕೆ ನಕ್ಕು ಏನೋ ಬರೆದುಕೊಂಡಳು. ಕಾರಿಗೆ ಬಹುಮಾನ ಬರಲಿಲ್ಲ. 'ಅತ್ಯುತ್ತಮ ಹಳೆಗಾಲದ ವೇಷಭೂಷಣ' ಎಂಬ ಟ್ರೋಫಿ ಚಂದ್ರಾಮನಿಗೆ ಬಂತು. ವೇದಿಕೆಗೆ ಓಡಿಹೋಗಿ ಅದನ್ನು ಸ್ವೀಕರಿಸಿದವನು ಶ್ರೀಮಂತ.

"ಕೋಟು ನಂದಲ್ಲೇನು?" ಎಂದವನೇ ತನ್ನ ಎಸಿ ಕಾರು ಹತ್ತಿ ಹೊರಟುಹೋದ.

ಚಂದ್ರಾಮ ಹಳೆಯ ಕಾರು ಹತ್ತಿ, ಪೇಟ ತೆಗೆದು ಪಕ್ಕದ ಸೀಟಿನ ಮೇಲಿಟ್ಟ. ಸಯನ್ ಸಿಗ್ನಲ್‌ನಲ್ಲಿ ಜನ ಮೊಬೈಲ್ ಹಿಡಿದು ಕಾರನ್ನು ಮುತ್ತಿದರು. ಹಸಿರು ದೀಪ ಬಿತ್ತು. ಒಂದನೆಯ ಗೇರಿನಿಂದ ಎರಡನೆಯದಕ್ಕೆ ಕಾರು ಎಷ್ಟು ನಯವಾಗಿ ಜಾರಿತೆಂದರೆ, ಅದು ಅವನೊಬ್ಬನಿಗೇ ಗೊತ್ತಾಯಿತು.