ಟೀವಿ ದೊಡ್ಡಮ್ಮನ ಬಾಗಿಲು

ವಾರ್ತೆ ಓದುವವರು ಕೊನೆಗೆ ‘ನಮಸ್ಕಾರ’ ಅಂದ ಕೂಡಲೇ ಪುಟ್ಟತಾಯಮ್ಮ ದೊಡ್ಡಮ್ಮ ಟೀವಿಯ ಕಡೆ ತಿರುಗಿ, “ಹೋಗ್ಬಾರಪ್ಪ” ಅನ್ನುತ್ತಿದ್ದಳು. ಓದಿದವರು ಹೆಂಗಸಾದರೆ “ಹೋಗ್ಬಾ ತಾಯಿ.” ಆಮೇಲೆ ಎದ್ದು ಹೋಗಿ, ಟೀವಿ ಆರಿಸಿ, ಸೆರಗಿನಿಂದ ಗಾಜು ಒರೆಸಿ, ಅದಕ್ಕಿದ್ದ ಮರದ ಬಾಗಿಲುಗಳನ್ನು ಎರಡೂ ಕಡೆಯಿಂದ ಎಳೆದು ಮುಚ್ಚುತ್ತಿದ್ದಳು. ಯಾರಾದರೂ ಮಾತಾಡುತ್ತಿರುವಾಗ ಟೀವಿ ಆರಿಸುವುದು ಆ ಮನೆಯಲ್ಲಿ ಸಾಧ್ಯವೇ ಇರಲಿಲ್ಲ. ದೊಡ್ಡಪ್ಪ, “ಸಾಕು ಆರ್ಸೇ, ಕರೆಂಟು ಸುಮ್ನೆ ಉರೀತೈತೆ” ಅಂದರೆ, “ಮಾತಾಡ್ತಿರೋರ ಮೊಕದ ಮೇಲೆ ಬಾಗ್ಲು ಹಾಕ್ತಾರಾ? ಅವ್ರು ಹೇಳಿ ಹೋಗ್ಲಿ, ತಡೀರಿ” ಅನ್ನುವಳು.

ಹಳೇಬೀಡಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ದೊಡ್ಡಮ್ಮ ನಮಗೇನೂ ಸಂಬಂಧಿಯಲ್ಲ. ನಮ್ಮಮ್ಮ ಅವಳನ್ನು ಅಕ್ಕ ಅನ್ನುತ್ತಿದ್ದಳು, ಹಾಗಾಗಿ ನಮಗೆ ದೊಡ್ಡಮ್ಮ. ತೆಂಗಿನ ತೋಟದಲ್ಲಿ ಒಳ್ಳೆ ಫಸಲು ಬಂದ ವರ್ಷ ದೊಡ್ಡಪ್ಪ ಹಾಸನದಿಂದ ಕಪ್ಪುಬಿಳುಪು ಟೀವಿ ತಂದರು. ನಮ್ಮ ಬೀದಿಗೆ ಅದೇ ಮೊದಲನೆಯದು. ಅಂದಿನಿಂದ ಅವಳು ಬೀದಿಯ ಮಕ್ಕಳಿಗೆಲ್ಲ ಟೀವಿ ದೊಡ್ಡಮ್ಮ.

ಭಾನುವಾರ ಸಂಜೆ ಸಿನಿಮಾ ಅಂದರೆ ನಡುಮನೆ ತುಂಬಿ, ಜಗಲಿ ತುಂಬಿ, ಕಿಟಕಿಯ ಸರಳುಗಳಿಗೂ ಜನ. ಸರಿಯಾಗಿ ಹಾಡು ಶುರುವಾಗುವ ಹೊತ್ತಿಗೆ ತೆರೆಯ ಮೇಲೆ ರವೆ ಚೆಲ್ಲಿದ ಹಾಗೆ ಆಗುತ್ತಿತ್ತು. ದೊಡ್ಡಪ್ಪ ಪಂಚೆ ಎತ್ತಿಕಟ್ಟಿ ಹೆಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸುವರು. ಮೇಲಿಂದ “ಬಂತೇನ್ರೋ?” ಅನ್ನುವ ಕೂಗು. ಕೆಳಗಿಂದ ನಾವೆಲ್ಲ ಸೇರಿ, “ಬಂತು, ಬಂತು... ಹೋಯ್ತು!” ದೊಡ್ಡಮ್ಮನಿಗೆ ಆ ಕೊನೆಯ ಮಾತು ಕೇಳಿದರೆ ಆಗುತ್ತಿರಲಿಲ್ಲ. “ಹೋಯ್ತು ಅನ್ಬೇಡ್ರೋ, ಬತ್ತೈತೆ ಅನ್ರೋ” ಎಂದು ಗದರುವಳು. ನಾವು ಹಾಗೇ ಅನ್ನುತ್ತಿದ್ದೆವು. ಮೇಲಿದ್ದ ದೊಡ್ಡಪ್ಪನಿಗೆ ಬಂದಿದೆಯೋ ಹೋಗಿದೆಯೋ ತಿಳಿಯದೆ ಅವರು ತಿರುಗಿಸುತ್ತಲೇ ಇರುತ್ತಿದ್ದರು, ಇಲ್ಲಿ ಹಾಡು ಮುಗಿದೇಹೋಗುತ್ತಿತ್ತು.

ಸಿನಿಮಾ ಮುಗಿದ ಮೇಲೂ ಸುಮ್ಮನೆ ಎದ್ದು ಹೋಗುವಂತಿರಲಿಲ್ಲ. ಹೊಸ್ತಿಲ ಹತ್ತಿರ ನಿಂತು ಒಬ್ಬೊಬ್ಬರೂ “ಬತ್ತೀನಿ ದೊಡ್ಡಮ್ಮ” ಅನ್ನಬೇಕು, ಅವಳು “ಹೋಗ್ಬಾ” ಅನ್ನಬೇಕು, ಆಮೇಲೆ ಚಪ್ಪಲಿ. ಯಾರಾದರೂ ಬಾಯಿತಪ್ಪಿ ‘ಹೋಗ್ತೀನಿ’ ಅಂದರೋ, ಅವರ ಕತೆ ಮುಗಿಯಿತು. ಒಮ್ಮೆ ಕರೆಂಟು ಮೀಟರು ನೋಡಲು ಬಂದಿದ್ದವನು ಹಾಗಂದುಬಿಟ್ಟ.

“ಹಂಗನ್ಬಾರ್ದು ಕಣಪ್ಪ. ವಾಪಸ್ ಬಾ. ಕೂತ್ಕೋ.”

ಪಾಪ, ಅವನು ಕೂತ.

“ಈಗ ಎದ್ದೇಳು. ಬತ್ತೀನಿ ಅನ್ನು.”

“ನಾನು ಬಂದ್ರೆ ನಿಮಗೆ ಬಿಲ್ಲು ಬತ್ತೈತೆ ಕಣಮ್ಮ.”

“ಬರ್ಲಿ ಬಿಡು. ನೀನು ಬತ್ತೀನಿ ಅನ್ನು.”

ಅವನು ಅಂದ. ಅವಳು “ಹೋಗ್ಬಾ” ಅಂದ ಮೇಲೆಯೇ ಸೈಕಲ್ಲು ಹತ್ತಿದ. ನಾವು ಗೋಡೆಗೆ ಮುಖ ಕೊಟ್ಟು ನಕ್ಕಿದ್ದೇ ನಕ್ಕಿದ್ದು.

ಆದರೆ ಒಂದು ಹೊತ್ತಿನಲ್ಲಿ ಮಾತ್ರ ನಾವು ನಗುತ್ತಿರಲಿಲ್ಲ. ಆಗೆಲ್ಲ ಟೀವಿಯಲ್ಲಿ ಕಾಣೆಯಾದವರ ಫೋಟೋ ತೋರಿಸುತ್ತಿದ್ದರು. ಹೆಸರು, ಎತ್ತರ, ಮೈಬಣ್ಣ, ಮನೆ ಬಿಟ್ಟಾಗ ಹಾಕಿಕೊಂಡಿದ್ದ ಬಟ್ಟೆ ಎಲ್ಲವನ್ನೂ ಏರಿಳಿತವಿಲ್ಲದ ಒಂದು ದನಿ ಹೇಳುತ್ತಿತ್ತು. ನಮಗೆ ಅದು ಬೇಸರ, ಸ್ವಲ್ಪ ಭಯ ಕೂಡ. ದೊಡ್ಡಮ್ಮ ಅಡುಗೆಮನೆಯಲ್ಲಿದ್ದರೂ ಒದ್ದೆಗೈಯಲ್ಲೇ ಬಂದು ಟೀವಿಗೆ ತೀರಾ ಹತ್ತಿರ ನಿಂತುಬಿಡುವಳು. ಒಂದೊಂದು ಮುಖ ಬಂದಾಗಲೂ, “ಯಾಕಪ್ಪಾ ಹೇಳ್ದೆ ಹೋದೆ? ಮನೇಲಿ ಕಾಯ್ತವ್ರೆ, ಹೋಗು” ಅನ್ನುವಳು. ಯಾಕೆ ಹೀಗೆ ಅಂತ ನಾನು ಅಮ್ಮನನ್ನು ಕೇಳಿದಾಗಲೇ ರಂಗನ ವಿಷಯ ಗೊತ್ತಾದದ್ದು.

ರಂಗ ಅವಳ ತಮ್ಮ. ತವರು ಇಲ್ಲೇ ಪಕ್ಕದ ಹುಲಿಕೆರೆ, ಅಲ್ಲಿನ ಹಳೇ ಕೊಳದ ಹತ್ತಿರದ ಮನೆ. ತಾಯಿ ಬೇಗ ತೀರಿಕೊಂಡದ್ದರಿಂದ ತಮ್ಮನನ್ನು ಅವಳೇ ಎತ್ತಿ ಆಡಿಸಿ ಬೆಳೆಸಿದ್ದಳು, ಮದುವೆಯಾದ ಮೇಲೆ ಜೊತೆಗೇ ಕರೆತಂದಿದ್ದಳು. ಮೀಸೆ ಮೂಡುವ ವಯಸ್ಸಿನಲ್ಲಿ ಅವನಿಗೆ ದೊಡ್ಡಪ್ಪ ಒಂದು ದಿನ ಏನೋ ಸಿಟ್ಟಿನಲ್ಲಿ, “ಎಷ್ಟು ದಿನ ಅಂತ ಅಕ್ಕನ ಸೆರಗು ಹಿಡ್ಕೊಂಡಿರ್ತೀಯ?” ಅಂದರಂತೆ. ಮಧ್ಯಾಹ್ನ ಅವನು ಅಡುಗೆಮನೆ ಬಾಗಿಲಿಗೆ ಬಂದು, “ಹೋಗ್ತೀನಿ ಅಕ್ಕ” ಅಂದ. ದೊಡ್ಡಮ್ಮ ಮುದ್ದೆ ತಿರುವುತ್ತಿದ್ದಳು. ಎರಡೂ ಕೈ ಕೋಲಿನ ಮೇಲೆ. ತಿರುಗಿ ನೋಡದೆ “ಹೂಂ” ಅಂದಳು. ತೋಟದ ಕಡೆ ಹೋಗುತ್ತಾನೆ ಅಂದುಕೊಂಡಿದ್ದಳು. ಅವನು ಮತ್ತೆ ಬರಲಿಲ್ಲ. ಟೀವಿಯಲ್ಲಿ ಹಾಕಿಸೋಣವೆಂದರೆ ಅವನದೊಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. “ಕೈಬಿಟ್ರೆ ಗಂಟಾಗ್ತಿತ್ತು ಕಣೇ ಮುದ್ದೆ” ಎಂದು ನಮ್ಮಮ್ಮನ ಹತ್ತಿರ ಎಷ್ಟೋ ಸಲ ಹೇಳಿದ್ದಳಂತೆ. “ಆಗಿದ್ರೆ ಆಗಿರೋದು.”

ಒಂದು ಸಂಜೆ ರೈತರ ಕಾರ್ಯಕ್ರಮದಲ್ಲಿ ಅರಸೀಕೆರೆಯ ಕೊಬ್ಬರಿ ಮಾರುಕಟ್ಟೆ ತೋರಿಸಿದರು. ನಮಗೆ ಗೊತ್ತಿರುವ ಊರು ಟೀವಿಯಲ್ಲಿ ಬಂದಿದೆಯೆಂದು ಗದ್ದಲವೋ ಗದ್ದಲ. ಯಾರೋ ಕೊಬ್ಬರಿ ರೇಟಿನ ಬಗ್ಗೆ ಮಾತಾಡುತ್ತಿದ್ದರು. ಹಿಂದೆ ಒಬ್ಬ ಹಮಾಲಿ ಮೂಟೆ ಇಳಿಸಿ, ಎಡಗೈಯಲ್ಲಿ ಹಿಂಗತ್ತು ಕೆರೆದುಕೊಂಡು, ನಮ್ಮ ಕಡೆ ನೋಡಿ ಮರೆಯಾದ. ದೊಡ್ಡಮ್ಮ ಎದ್ದು ನಿಂತಳು. “ರಂಗ” ಅಂದಳು. ರಂಗನೂ ಹಾಗೇ ಎಡಗೈಯಲ್ಲಿ ಕತ್ತು ಕೆರೆಯುತ್ತಿದ್ದನಂತೆ. ಕಾರ್ಯಕ್ರಮ ಮುಗಿದು ಟೀವಿಯವರು ನಮಸ್ಕಾರ ಅಂದರು. ಆವತ್ತು ಅವಳು ಯಾರಿಗೂ ಹೋಗ್ಬಾ ಅನ್ನಲಿಲ್ಲ.

ಮಾರನೆಯ ದಿನ ಜಾವಗಲ್ಲಿನ ಮೇಲೆ ಅರಸೀಕೆರೆಗೆ ಹೋಗುವ ಬಸ್ಸಿನಲ್ಲಿ ಅವಳು, ನಮ್ಮಮ್ಮ, ಹಠ ಮಾಡಿ ಜೊತೆಗೆ ಹೊರಟ ನಾನು. ದೊಡ್ಡಮ್ಮನ ಮಡಿಲಲ್ಲಿ ಬಟ್ಟೆ ಸುತ್ತಿದ ಡಬ್ಬಿ, ಅದರೊಳಗೆ ಮುದ್ದೆ, ಉಪ್ಸಾರು. ಮಾರುಕಟ್ಟೆಯಲ್ಲಿ “ಟೀವೀಲಿ ಬಂದಿದ್ನಲ್ಲ, ಆ ಹುಡುಗ ಯಾರು?” ಎಂದು ಕೇಳಿದರೆ, ಅಲ್ಲಿದ್ದವರೆಲ್ಲ ತಾನೇ ತಾನೇ ಅನ್ನುವವರು. ಕೊನೆಗೆ ಯಾರೋ ಒಬ್ಬನನ್ನು ಕೂಗಿ ಕರೆದರು. ಅವನು ಎಡಗೈಯಲ್ಲಿ ಕತ್ತು ಕೆರೆದುಕೊಳ್ಳುತ್ತಲೇ ಬಂದ. ಓಡುವ ಹಾಗೆ ಹೋಗುತ್ತಿದ್ದ ದೊಡ್ಡಮ್ಮನ ನಡಿಗೆ, ಅವನು ಹತ್ತಿರವಾದಂತೆ ನಿಧಾನವಾಗಿ, ನಿಂತೇಹೋಯಿತು.

“ಅಲ್ಲ ಕಣೇ” ಅಂದಳು, ಅಮ್ಮನಿಗೆ ಮಾತ್ರ ಕೇಳುವಷ್ಟು.

ಅವನ ಹೆಸರು ತಿಮ್ಮಯ್ಯ. ವಿಷಯ ತಿಳಿದು, ತಾನೇ ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ ನಿಂತ. ತಂದ ಊಟ ವಾಪಸ್ಸು ಒಯ್ಯಬಾರದೆಂದು ದೊಡ್ಡಮ್ಮ ಡಬ್ಬಿ ಬಿಚ್ಚಿ ಅವನಿಗೇ ಕೊಟ್ಟಳು. ಅವನು ಮೂಟೆಯ ಮೇಲೆ ಕೂತು ಉಂಡ. ಉಣ್ಣುವುದನ್ನು ಅವಳು ನೋಡುತ್ತಾ ನಿಂತಳು.

“ಅಕ್ಕ ತಂಗೀರು ಅವ್ರೇನಪ್ಪ ನಿಂಗೆ?”

“ಯಾರೂ ಇಲ್ಲ. ಒಬ್ನೇಯ.”

“ಸರಿ, ಬತ್ತೀನಿ ಕಣಪ್ಪ.”

“ಹೋಗ್ಬನ್ನಿ ಅಕ್ಕ” ಅಂದ.

ಬಸ್ಸಿನಲ್ಲಿ ಜಾವಗಲ್ಲು ಬರುವವರೆಗೂ ಅವಳು ಅತ್ತಳು. “ಅಕ್ಕ ಅಂದ ಕಣೇ” ಅನ್ನುವಳು, ಮತ್ತೆ ಅಳುವಳು.

ಆ ವರ್ಷ ಗೌರಿ ಹಬ್ಬದ ದಿನ ತಿಮ್ಮಯ್ಯ ಮನೆ ಕೇಳಿಕೊಂಡು ಬಂದು ಜಗಲಿಯ ಮುಂದೆ ನಿಂತಿದ್ದ. ಹೆಗಲ ಮೇಲೆ ತೆಂಗಿನಕಾಯಿ ಚೀಲ, ಕೈಯಲ್ಲಿ ಬಾಗಿನದ ಮೊರ. ತವರಿನ ಬಾಗಿನ ಕಾಣದೆ ಎಷ್ಟೋ ವರ್ಷವಾಗಿದ್ದ ದೊಡ್ಡಮ್ಮ ಒಳಗೆ ಹೋದಳು, ಹೊರಗೆ ಬಂದಳು. ಅವನು ಮುಜುಗರ ಮುಚ್ಚಿಕೊಳ್ಳಲು, “ನಾನು ಯಾವ ಟೀವೀಲಿ ಕಂಡೆ ಅಕ್ಕ, ತೋರ್ಸಿ” ಅಂದ. ಅವಳು ಟೀವಿಯ ಬಾಗಿಲು ತೆರೆದು ಹಾಕಿದಳು. ತೆರೆಯ ಮೇಲೆ ತಾನು ಮತ್ತೆ ಬರುತ್ತೇನೇನೋ ಎಂದು ಅವನು ಸಂಜೆಯವರೆಗೂ ನೋಡುತ್ತಾ ಕೂತ. ಹೊರಡುವಾಗ “ಹೋಗ್ತೀನಕ್ಕ” ಅಂದ. ಗೊತ್ತಲ್ಲ, ವಾಪಸ್ಸು ಬಂದು ಕೂತು, ಎದ್ದು, ‘ಬತ್ತೀನಿ’ ಕಲಿತೇ ಬಸ್ಸು ಹತ್ತಿದ. ಆಮೇಲೆ ಒಂದು ಗೌರಿಯನ್ನೂ ಅವನು ತಪ್ಪಿಸಲಿಲ್ಲ. ಮಕ್ಕಳಿಗೆಲ್ಲ ಅವನು ಮಾವನಾದ. “ಈ ಸಲಾನೂ ಟೀವೀಲಿ ಬರ್ಲಿಲ್ವಲ್ಲ ನಾನು” ಅನ್ನುವುದು ಅವನ ಹಬ್ಬದ ಮಾತು. ರಂಗ ಮಾತ್ರ ಕೊನೆಗೂ ಬರಲಿಲ್ಲ.

ನಾನೀಗ ಬೇಲೂರಿನಲ್ಲಿದ್ದೇನೆ. ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡಮ್ಮನ ಮಗ ಗೋಡೆಗೆ ದೊಡ್ಡ ಟೀವಿ ಹಾಕಿಸಿದ. ಕಳೆದ ಯುಗಾದಿಯಲ್ಲಿ ಹೋದಾಗ ಅದು ಒಂದೇ ಸಮ ಅರಚುತ್ತಿತ್ತು, ದೊಡ್ಡಮ್ಮ ಅದರೆದುರು ಕೂತೇ ತೂಕಡಿಸುತ್ತಿದ್ದಳು. “ಆರಿಸಲಾ ದೊಡ್ಡಮ್ಮ?” ಅಂದೆ.

“ಹೆಂಗ್ ಆರ್ಸೋದೇ? ಈಗಿನೋರು ಒಬ್ರೂ ನಮಸ್ಕಾರ ಅನ್ನಲ್ಲ. ಒಬ್ರು ಎದ್ದೋಗೋದ್ರೊಳ್ಗೆ ಇನ್ನೊಬ್ರು ಕಿರಿಚ್ಕಂಡು ಬತ್ತಾರೆ. ಬಾಗ್ಲೂ ಇಲ್ಲ ಇದುಕ್ಕೆ.”

ನಾನು ನಕ್ಕೆ, ಅವಳೂ ನಕ್ಕಳು. ಹೊರಡುವಾಗ “ಬತ್ತೀನಿ” ಅಂದೆ, ಅವಳು “ಹೋಗ್ಬಾ” ಅಂದಳು. ಅದೇ ಕೊನೆಯ ಭೇಟಿ.

ಮೊನ್ನೆ ಕಾರ್ತೀಕದಲ್ಲಿ ಹೋಗಿಬಿಟ್ಟಳು. ತೋಟದಲ್ಲಿ ಮಣ್ಣು ಮಾಡಿ, ಮನೆಗೆ ಬಂದು ದೀಪ ನೋಡಿ, ಜನ ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದರು. ಸಾವಿನ ಮನೆಯಿಂದ ‘ಬತ್ತೀನಿ’ ಅಂದು ಹೊರಡುವಂತಿಲ್ಲ, ಸುಮ್ಮನೆ ಎದ್ದು ಹೋಗಬೇಕು. ಬೀದಿಗೆಲ್ಲ ಹೇಳಿ ಹೋಗುವುದನ್ನು ಕಲಿಸಿದವಳ ಹೊಸ್ತಿಲನ್ನು ಎಲ್ಲರೂ ಬಾಯಿಬಿಡದೆ ದಾಟುತ್ತಿದ್ದರು. ನನಗೆ ಎದ್ದೇಳಲು ಆಗಲಿಲ್ಲ. ಗೋಡೆಯ ಟೀವಿಗೆ ಯಾರೋ ಬಟ್ಟೆ ಹೊದಿಸಿದ್ದರು. ಆ ಮರದ ಬಾಗಿಲಿನ ಟೀವಿ, ಹೆಂಚಿನ ಮೇಲಿನ ದೊಡ್ಡಪ್ಪ, ‘ಬತ್ತೈತೆ ಅನ್ರೋ’ ಅನ್ನುವ ಆ ಗದರಿಕೆ, ಎಲ್ಲವೂ ಒಂದೇ ಒಂದು ಸಂಜೆಗಾದರೂ ನನಗೆ ವಾಪಸ್ಸು ಬೇಕೆನ್ನಿಸಿತು.

ತಿಮ್ಮಯ್ಯ ಮಾವ ಎದ್ದ. ತಲೆ ಪೂರ್ತಿ ನರೆತಿದೆ, ಬೆನ್ನು ಬಾಗಿದೆ. ಹೊಸ್ತಿಲ ಹತ್ತಿರ ಹೋಗಿ, ಒಳಗೆ ತಿರುಗಿ, “ಬತ್ತೀನಿ ಅಕ್ಕ” ಅಂದ.

ನಡುಮನೆ ಬೆಚ್ಚಿಬಿತ್ತು. ಹುಲಿಕೆರೆಯ ಕಡೆಯ ಒಬ್ಬ ಮುದುಕಿ, “ಹಂಗನ್ಬಾರ್ದು ಕಣಪ್ಪ” ಅಂದಳು.

“ಈ ಬಾಗ್ಲಲ್ಲಿ ನಾನು ಬೇರೆ ಮಾತು ಕಲ್ತಿಲ್ಲ ಕಣವ್ವ” ಅಂದ. ಅಂದವನು ಹೋಗಲಿಲ್ಲ. ಎಡಗೈಯಲ್ಲಿ ಕತ್ತು ಕೆರೆದುಕೊಳ್ಳುತ್ತಾ ಅಲ್ಲೇ ನಿಂತ. ಅವನಿಗೆ ಉತ್ತರ ಬರಬೇಕಿತ್ತು. ಆ ಮನೆಯಲ್ಲಿ ಉತ್ತರ ಬಾರದೆ ಅವನು ಎಂದೂ ಚಪ್ಪಲಿ ಮೆಟ್ಟಿದವನಲ್ಲ.

“ಹೋಗ್ಬಾ ಮಾವ” ಅಂದೆ ನಾನು.

ಅವನು ತಲೆಯಾಡಿಸಿ, ಚಪ್ಪಲಿ ಮೆಟ್ಟಿ, ಜಗಲಿ ಇಳಿದು ಬಸ್ ಸ್ಟ್ಯಾಂಡಿನ ಕಡೆ ನಡೆದ.