ಊದುಬತ್ತಿ ಎದ್ದ ಗದ್ದೆ

ನಮ್ಮ ದೊಡ್ಡಮ್ಮ ಬೆಳ್ಳಮ್ಮನಿಗೆ ಒಂದು ಕಡೆ ಕೂರುವುದೇ ಗೊತ್ತಿರಲಿಲ್ಲ. ಸಾಗರದ ಹತ್ತಿರದ ನಮ್ಮೂರಲ್ಲಿ ಬೀಜದ ಭತ್ತ ಬೇಕಾದವರೆಲ್ಲ ಅವಳ ಬಾಗಿಲಿಗೇ ಬರುತ್ತಿದ್ದರು. ಹುಲ್ಲಿನಲ್ಲಿ ಬಿಗಿದು ಕಟ್ಟಿದ ಬೀಜದ ಮುಡಿಗಳು ಅವಳ ಅಟ್ಟದ ಮೇಲೆ ಸಾಲಾಗಿ ಕೂತಿರುತ್ತಿದ್ದವು. ಬೀಜಕ್ಕೆ ಬೆಳ್ಳಮ್ಮನೇ ಎನ್ನುವ ಆ ಹೆಸರೆಂದರೆ ಅವಳಿಗೆ ಪ್ರಾಣ.

ಸಾವಿರದ ಒಂಬೈನೂರ ಎಂಬತ್ತರಲ್ಲಿ ನವರಾತ್ರಿ ಕಳೆದರೂ ಮಳೆ ಬಿಡಲಿಲ್ಲ. ಬಿಟ್ಟ ದಿನ ಮಂಜು. ಭೂಮಿ ಹುಣ್ಣಿಮೆಯ ಬೆಳಗ್ಗೆ ಬಸುರಿ ಗದ್ದೆಗೆ ಎಡೆ ಇಡಲು ಹೋದ ದೊಡ್ಡಮ್ಮನಿಗೆ, ತೆನೆ ಇರಬೇಕಾದಲ್ಲಿ ಬೂದು ಬಣ್ಣದ ನೆಟ್ಟನೆ ಕಡ್ಡಿಗಳು ಕಂಡವು. ಕಾಳೇ ಇಲ್ಲ. ಊದುಬತ್ತಿ ರೋಗ. ಹತ್ತಿಪ್ಪತ್ತು ಕಡ್ಡಿ ಅಷ್ಟೇ. ಕಿತ್ತು, ಸೆರಗಲ್ಲಿ ಮುಚ್ಚಿ ತಂದು ಒಲೆಗೆ ಹಾಕಿದಳು. ಮುಂದಿನ ಬಿತ್ತನೆಗೆ ಪಕ್ಕದ ಮನೆಯ ಗುತ್ಯಪ್ಪ ಬೀಜ ಕೇಳಿದಾಗ ಅದೇ ಗದ್ದೆಯ ಮುಡಿ ಕೊಟ್ಟಳು. ಇದಕ್ಕೆ ನನಗೆ ಅವಳ ಮೇಲೆ ಇವತ್ತಿಗೂ ಸಿಟ್ಟಿದೆ.

ಆ ವರ್ಷವೂ ತೆನೆ ಬಿಡುವ ಹೊತ್ತಿಗೆ ಮಳೆ ಹಿಡಿದು ಕೂತಿತು. ಗುತ್ಯಪ್ಪನ ಗದ್ದೆಯಲ್ಲಿ ಮೂರರಲ್ಲೊಂದು ಪಾಲು ಊದುಬತ್ತಿ. ಬೇಸಿಗೆಯ ಹೊತ್ತಿಗೆ ಅವನ ಮನೆಯವರು ಬೀಜಕ್ಕಿಟ್ಟದ್ದನ್ನೂ ಕುಟ್ಟಿ ಉಂಡಿದ್ದರು. ಮಳೆಗೆ ಹೊತ್ತುಗೊತ್ತಿಲ್ಲ ಎಂದು ಊರೆಲ್ಲ ಆಕಾಶವನ್ನು ಬೈಯಿತು. ದೊಡ್ಡಮ್ಮ ಎಲ್ಲರಿಗಿಂತ ಜೋರಾಗಿ ಬೈದಳು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಗ್ರಾಮಸೇವಕ ಅಂಜನಪ್ಪ ಮನೆಗೇ ಬಂದ. "ಮಳೆ ಮಂಜಿಗೆ ರೋಗ ಹೆಚ್ಚೋದು ನಿಜ. ಆದ್ರೆ ಅದು ಬೀಜದಲ್ಲೇ ಬರುತ್ತೆ. ಬಿಸಿನೀರಲ್ಲಿ ಹತ್ತು ನಿಮಿಷ ಅದ್ದಿ ತೆಗೀರಿ."

"ಬೀಜ ಬೇಯ್ಸದಾ? ನಿಮ್ಗೆ ತಲೆ ಸಮ ಐತಾ ಮಾರಾಯ್ರೆ?" ಎಂದಳು ದೊಡ್ಡಮ್ಮ.

ಬೈದರೂ ಬಚ್ಚಲ ಹಂಡೆಗೆ ಬೆಂಕಿ ಹಾಕಿದಳು. ಅಂಜನಪ್ಪ ಥರ್ಮಾಮೀಟರ್ ಹಿಡಿದು ನಿಂತ. ಅದ್ದಿ ತೆಗೆದ ಬೀಜವನ್ನು ಮೊಳಕೆಗೆಂದು ಬುಟ್ಟಿಗೆ ತುಂಬಿ, ಹುಲ್ಲು ಮುಚ್ಚಿ, ಕಲ್ಲು ಹೇರಿದಳು. ಗುತ್ಯಪ್ಪನ ಪಾಲೂ ಅದರಲ್ಲೇ ಇತ್ತು; ಅದು ಸತ್ತಿದ್ದರೆ ಎರಡೂ ಮನೆಗೆ ಬಿತ್ತಲು ಕಾಳಿರಲಿಲ್ಲ.

ಮೂರು ದಿನ ಕಾಲು ಸುಟ್ಟ ಬೆಕ್ಕಿನಂತೆ ತಿರುಗಿದಳು. ಹುಲ್ಲು ಸರಿಸುವುದು, ಮೂಸುವುದು, ಮತ್ತೆ ಮುಚ್ಚುವುದು. "ತೆಗ್ದು ತೆಗ್ದು ನೋಡಿದ್ರೆ ಕಾವು ಹೋಗ್ತದೆ ದೊಡ್ಡಮ್ಮಾ" ಎಂದರೆ ನನ್ನನ್ನೇ ಗದರಿದಳು. ನಾಲ್ಕನೆಯ ಬೆಳಗ್ಗೆ ಬುಟ್ಟಿಯ ತುಂಬ ಬಿಳಿ ಮೊಳಕೆ. ಅಲ್ಲೇ ಕೂತು ಅತ್ತಳು.

ಗುತ್ಯಪ್ಪ ಖಾಲಿ ಬುಟ್ಟಿ ಹಿಡಿದು ಬಂದ. ಮೊಳಕೆ ತುಂಬಲು ಬಗ್ಗಿದವಳು ಕೈ ತಡೆದಳು.

"ಗುತ್ಯಪ್ಪ, ಹೋದ್ ಸಲ ನಿನ್ ಗದ್ದೆ ಹಾಳಾಗಿದ್ದು ನನ್ ಬೀಜದಿಂದ. ಕಡ್ಡಿ ಎದ್ದಿದ್ದು ನಂಗೆ ಗೊತ್ತಿತ್ತು. ಮರ್ಯಾದಿ ಹೋಗ್ತದೆ ಅಂತ ಮುಚ್ಚಿಟ್ಟೆ."

ಅವನ ಮುಖ ಕೆಂಪಾಯಿತು. ಬುಟ್ಟಿ ಎತ್ತಿಕೊಂಡು ಅಂಗಳ ದಾಟಿ ಬೇಲಿಯವರೆಗೂ ಹೋದ. ದೊಡ್ಡಮ್ಮ ಕರೆಯಲಿಲ್ಲ, ಯಾವ ಬಾಯಲ್ಲಿ ಕರೆದಾಳು? ಅವನು ಬೇಲಿಯಾಚೆ ತನ್ನ ಮನೆಯತ್ತ ನೋಡಿ, ತಿರುಗಿ ಬಂದು, ಬುಟ್ಟಿಯನ್ನು ಅವಳ ಮುಂದೆ ಕುಕ್ಕಿದ.

"ತುಂಬು ಬೆಳ್ಳಕ್ಕ. ಮನೇಲಿ ಏಳು ಬಾಯಿ ಅವೆ. ಸಿಟ್ಟು ಬಿತ್ತಿದ್ರೆ ಭತ್ತ ಹುಟ್ತದಾ?"